ನೆಲಕ್ಕಿಳಿದ ಕ್ಯಾಮೆರಾ

ಎವಾರಿಸ್ತೋ ಸೆಂದೇಹಾಸ್‌ಗೆ ಯಾರಿಗೂ ‘ಆಗಲ್ಲ’ ಅನ್ನಲು ಬರುತ್ತಿರಲಿಲ್ಲ. ಅದೊಂದನ್ನು ಬಿಟ್ಟರೆ ಆ ಟೀವಿ ಸ್ಟುಡಿಯೋದಲ್ಲಿ ಅವನಿಗೆ ಬಾರದ ಕೆಲಸವೇ ಇರಲಿಲ್ಲ. ವೈರು ಎಳೆಯುವುದರಿಂದ ಶುರು ಮಾಡಿದವನು ಇಪ್ಪತ್ತೆರಡು ವರ್ಷದಲ್ಲಿ ಎರಡನೇ ನಂಬರ್ ಕ್ಯಾಮೆರಾದ ಹಿಂದೆ ಬಂದು ನಿಂತಿದ್ದ. ಐವತ್ತರ ವಯಸ್ಸು, ಗಡಿಗೆಯಂಥ ಹೊಟ್ಟೆ, ಮಡಚಿದರೆ ಕಿರುಗುಟ್ಟುವ ಮಂಡಿ. ಕಣ್ಣು ಮಾತ್ರ ಬಲು ಚುರುಕು.

ಮೆಕ್ಸಿಕೋ ನಗರದಲ್ಲಿ ಸಂಜೆ ಏಳಾಯಿತೆಂದರೆ ಹೆಂಗಸರು ಒಲೆ ಆರಿಸಿ ಟೀವಿ ಮುಂದೆ ಬಂದು ಕೂರುತ್ತಿದ್ದರು. ಆ ಹೊತ್ತಿಗೆ ಬರುತ್ತಿದ್ದ ಧಾರಾವಾಹಿಗೆ ಉದ್ದನೆಯ ಹೆಸರೊಂದಿತ್ತು, ಆದರೆ ಎಲ್ಲರೂ ‘ಏಳು ಗಂಟೇದು’ ಅಂತಲೇ ಕರೆಯುತ್ತಿದ್ದರು. ಅದರಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಯಾರಿಗೆ ಹೆದರಬೇಕು ಅನ್ನುವುದನ್ನು ಕಥೆ ಬರೆಯುವವರು ಕಾಗದದ ಮೇಲೆ ಬರೆಯುತ್ತಿದ್ದರು. ಅದನ್ನು ಜನ ನಂಬುವ ಹಾಗೆ ಮಾಡುತ್ತಿದ್ದವನು ಎವಾರಿಸ್ತೋ. ಕ್ಯಾಮೆರಾವನ್ನು ನಾಲ್ಕು ಬೆರಳು ಕೆಳಗಿಳಿಸಿದರೆ ಎದುರಿಗಿದ್ದವನು ಜಮೀನ್ದಾರ. ಒಂದು ಮೊಳ ಮೇಲೇರಿಸಿದರೆ ಅದೇ ಮನುಷ್ಯ ಕೈಕಟ್ಟಿ ನಿಂತ ಆಳು. ಒಬ್ಬರ ಹೆಗಲ ಹಿಂದಿನಿಂದ ಇನ್ನೊಬ್ಬರನ್ನು ತೋರಿಸಿದರೆ, ಹೆಗಲು ಯಾರದೋ ಅವರ ಕೈ ಮೇಲು. ಇದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಹೇಳಿದ್ದು ಒಂದೇ ಸಲ, ಎಪ್ಪತ್ನಾಲ್ಕನೇ ಇಸವಿಯ ಮಾರ್ಚ್ ತಿಂಗಳಲ್ಲಿ. ಅಲ್ಲಿಂದ ಎಲ್ಲ ಎಡವಟ್ಟಾಯಿತು.

ಧಾರಾವಾಹಿಯಲ್ಲಿ ದೊಡ್ಡ ಬಂಗಲೆಯೊಂದಕ್ಕೆ ಅತ್ತೆಯೂ ಅಣ್ಣನ ಮಗನೂ ಕಿತ್ತಾಡುತ್ತಿದ್ದರು. ಅತ್ತೆಯಾಗಿದ್ದವಳು ದೋನ್ಯಾ ಎಲೊಯೀಸಾ ಬೆರಿಯೋಸಾಬಲ್. ಮೂವತ್ತೈದು ವರ್ಷ ನಾಟಕದ ರಂಗದ ಮೇಲೆ ನಿಂತು ಕೆಳಗಿನ ಪ್ರೇಕ್ಷಕರನ್ನು ನೋಡಿ ನೋಡಿ, ಎಲ್ಲಿ ನಿಂತರೂ ಕೆಳಗೇ ನೋಡುವ ಅಭ್ಯಾಸವಾಗಿಬಿಟ್ಟಿದ್ದ ಹೆಂಗಸು. ಅಣ್ಣನ ಮಗನಾಗಿದ್ದವನು ಫಬ್ರೀಸಿಯೋ ಲಾಂದೇರೋಸ್. ಮುಖ ಚಂದ, ಮೀಸೆ ಇನ್ನೂ ಚಂದ, ಎತ್ತರ ಮಾತ್ರ ದೇವರು ಕೊಡುವಾಗ ಬೇರೆ ಯಾವುದೋ ಯೋಚನೆಯಲ್ಲಿದ್ದ ಹಾಗಿತ್ತು.

ಆ ಮಾರ್ಚ್‌ನಲ್ಲಿ ಒಂದು ದಿನ ಫಬ್ರೀಸಿಯೋ ಸಿಹಿ ಬನ್ನಿನ ದೊಡ್ಡ ಪೊಟ್ಟಣ ಹಿಡಿದು ಎವಾರಿಸ್ತೋ ಹತ್ತಿರ ಬಂದ. ಮುಖ ಸಪ್ಪಗಿತ್ತು.

“ಎವಾರಿಸ್ತೋ ಅಣ್ಣಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನೆ ನಮ್ಮಮ್ಮನ ಜೊತೆ ಕೂತು ನೋಡ್ತಾ ಇದ್ದೆ. ಆ ಅತ್ತೆ ನನಗೆ ಬೈಯೋ ಸೀನು. ಅಮ್ಮ ನನ್ನ ಹಣೆ ಮುಟ್ಟಿ ನೋಡಿ, ‘ಯಾಕೋ ಮಗಾ, ಜ್ವರ ಬಂದಿತ್ತಾ ಆವತ್ತು, ಹಿಡಿಯಷ್ಟಾಗಿ ಕಾಣ್ತೀಯಲ್ಲ’ ಅಂದ್ರು.”

“ಜ್ವರ ಎಲ್ಲಿಂದ ಬಂತು, ನೀವು ಕೂತಿದ್ರಿ, ಅವ್ರು ನಿಂತಿದ್ರು. ನಾನು ಅವ್ರ ಹೆಗಲ ಹಿಂದೆ, ಮೇಲಿಂದ ಹಿಡಿದಿದ್ದೆ. ಮೇಲಿಂದ ಹಿಡಿದ್ರೆ ಎಂಥವನೂ ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ಥರ ಕಾಣ್ತಾನೆ.”

“ಮತ್ತೆ ಕೆಳಗಿಂದ ಹಿಡಿದ್ರೆ?”

ಎವಾರಿಸ್ತೋನ ಬಾಯಲ್ಲಿ ಬನ್ನಿತ್ತು. ಬನ್ನು ತಿನ್ನುತ್ತಾ ಸುಳ್ಳು ಹೇಳುವುದು ಅವನಿಂದ ಆಗುತ್ತಿರಲಿಲ್ಲ. “ಕೆಳಗಿಂದ ಹಿಡಿದ್ರೆ ಬೆಟ್ಟ,” ಅಂದ.

“ಹಾಗಾದ್ರೆ ನಾಲ್ಕೇ ನಾಲ್ಕು ಬೆರಳು ಕೆಳಗಿಳಿಸಣ್ಣಾ. ಯಾರಿಗೂ ಗೊತ್ತಾಗಲ್ಲ.”

ಗೊತ್ತಾಗದೆ ಏನು? ಆವತ್ತಿನ ಕಂತಿನಲ್ಲಿ ಫಬ್ರೀಸಿಯೋ ಮೆಟ್ಟಿಲ ಮೇಲೆ ನಿಂತು ಮೀಸೆ ತಿರುವಿದಾಗ ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಮರುದಿನ ಬೆಳಗ್ಗೆ ಮೇಕಪ್ಪಿಗೂ ಹೋಗದೆ ದೋನ್ಯಾ ಎಲೊಯೀಸಾ ನೇರ ಕ್ಯಾಮೆರಾ ಹತ್ತಿರ ಬಂದಳು. ಕೈಯಲ್ಲಿ ತಮಾಲೆಗಳ, ಅಂದರೆ ಬಾಳೆಲೆ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬುಗಳ, ಬಿಸಿ ಡಬ್ಬಿ.

“ಮಗೂ ಎವಾರಿಸ್ತೋ, ಆ ಮೀಸೆ ನಿನ್ನೆ ನಾಲ್ಕು ಬೆರಳು ಬೆಳೆದ ಹಾಗಿತ್ತು. ಏನು ಗೊಬ್ಬರ ಹಾಕಿದೆ?”

“ಅದು... ಕಥೆ ಹಾಗೆ ಕೇಳ್ತಿತ್ತು ಅಮ್ಮಾವ್ರೇ.”

“ಕಥೆ ನನಗೆ ಎಂಟು ಬೆರಳು ಕೇಳುತ್ತೆ. ತಗೋ, ಕೋಳಿದು. ಖಾರ ಸ್ವಲ್ಪ ಮುಂದಾಗಿದೆ.”

ತಮಾಲೆ ಬಾಯಿಗಿಟ್ಟ ಮೇಲೆ ಎಂಟು ಬೆರಳಿಗೆ ಇಲ್ಲ ಅನ್ನುವುದು ಹೇಗೆ? ಎವಾರಿಸ್ತೋ ಎಂಟು ಇಳಿಸಿದ. ಫಬ್ರೀಸಿಯೋ ಹಂದಿಮಾಂಸದ ಸಾರು ತಂದ, ಒಂದು ಗೇಣಾಯಿತು. ದೋನ್ಯಾ ಎಲೊಯೀಸಾ ಕ್ಯಾರಮೆಲ್ ಪಾಯಸ ತಂದಳು, ಒಂದು ಮೊಳವಾಯಿತು. ಕಂತಿನಿಂದ ಕಂತಿಗೆ ಕ್ಯಾಮೆರಾ ಇಳಿಯುತ್ತಾ ಹೋಯಿತು, ಎವಾರಿಸ್ತೋನ ಹೊಟ್ಟೆ ಏರುತ್ತಾ ಬಂತು.

ನಿರ್ದೇಶಕ ಅನ್ಸೆಲ್ಮೋ ಇತುವಾರ್ತೆ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಎಲ್ಲ ಕ್ಯಾಮೆರಾಮನ್‌ಗಳ ಕಿವಿಗೆ ಮೈಕಿನಲ್ಲಿ ಮಾತಾಡುತ್ತಿದ್ದ. ಸಣಕಲು ಮನುಷ್ಯ. ಅವನಿಗೆ ಹೊಟ್ಟೆಹುಣ್ಣೊಂದಿತ್ತು, ದೋನ್ಯಾ ಎಲೊಯೀಸಾಳನ್ನು ಕಂಡರೆ ಅದು ಎರಡಾಗುತ್ತಿತ್ತು.

“ಎವಾರಿಸ್ತೋ, ನಿನ್ನ ಕ್ಯಾಮೆರಾದ ಕಾಲು ಮುರಿದಿದೆಯೇನಪ್ಪಾ?”

“ಇಲ್ಲ ಸಾರ್, ಗಟ್ಟಿಯಾಗಿದೆ.”

“ಮತ್ತೆ ನನಗ್ಯಾಕೆ ಬರೀ ಗದ್ದ ಕಾಣ್ತಿದೆ?”

“ಅಮ್ಮಾವ್ರು ಹೇಳಿದ್ರು ಸಾರ್.”

ಕಿವಿಯಲ್ಲಿನ ದನಿ ಸಣ್ಣದಾಯಿತು: “ಹಾಗಾ. ಸರಿ ಬಿಡು. ಗದ್ದನೂ ಚೆನ್ನಾಗೇ ಇದೆ.”

ಮನೆಯಲ್ಲಿ ಅಷ್ಟು ಸುಲಭವಿರಲಿಲ್ಲ. ಪೋರ್ತಾಲೆಸ್ ಬಡಾವಣೆಯ ಅವನ ಮನೆಯಲ್ಲಿ ಹೆಂಡತಿ ರೊಸಾರಿಯೋಳ ತಾಯಿ, ಎಪ್ಪತ್ತು ದಾಟಿದ ಪಚೀತಾ, ಟೀವಿಗೆ ಎದುರಿನ ಒಂದೇ ಒಂದು ಮೆತ್ತನೆ ಕುರ್ಚಿಯಲ್ಲಿ ಕೂರುತ್ತಿದ್ದಳು. ಸೋಫಾ ತುಂಬಾ ಟೀವಿ ಇಲ್ಲದ ಅಕ್ಕಪಕ್ಕದ ಮನೆಯವರು. ಏಳು ಗಂಟೆಗೆ ಮನೆ ಸೇರಿದ ದಿನ ಎವಾರಿಸ್ತೋಗೆ ಸಿಗುತ್ತಿದ್ದದ್ದು ಬಾಗಿಲ ಹತ್ತಿರದ ಗಿಡ್ಡ ಸ್ಟೂಲು.

“ಅಳಿಯಂದ್ರೇ,” ಅಂದಳು ಪಚೀತಾ ಒಂದು ಸಂಜೆ, ಪರದೆಯಿಂದ ಕಣ್ಣು ಕೀಳದೆ. “ಏನಿದು ನೀವು ತೋರಿಸ್ತಿರೋದು?”

“ಫಬ್ರೀಸಿಯೋ ಅಲ್ವಾ ಅಮ್ಮಾ?”

“ಫಬ್ರೀಸಿಯೋ ಆಗಿದ್ರೆ ಕಣ್ಣು ಇರ್ತಿತ್ತು. ಇದು ಎರಡು ಗುಹೆ. ಒಳಗೆ ಪೊದೆ ಬೆಳೆದಿದೆ. ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಒಬ್ಬರ ಮೂಗಿನೊಳಗೆ ಇಳಿದ್ರಲ್ಲ ನೀವು!”

ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು, “ಪಚೀತಮ್ಮಾ, ಈಗ ಕಥೆ ಹಲ್ಲಿನ ಡಾಕ್ಟರ್ ಮೇಲೆ ತಿರುಗಿದೆಯಾ? ಮೂರು ದಿನದಿಂದ ಬರೀ ಮೇಲಿನ ದವಡೆ ಕಾಣ್ತಿದೆ.”

ಎವಾರಿಸ್ತೋ ಸ್ಟೂಲನ್ನು ಬಾಗಿಲ ಕಡೆಗೆ ಇನ್ನಷ್ಟು ಎಳೆದುಕೊಂಡ. ಅವನ ಬಾಯಲ್ಲಿ ಆವತ್ತು ದೋನ್ಯಾ ಎಲೊಯೀಸಾಳ ಪಾಯಸವಿತ್ತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಇನ್ನು ಇಳಿಸಲು ಜಾಗ ಉಳಿಯಲಿಲ್ಲ. ಕ್ಯಾಮೆರಾವನ್ನು ಅದರ ಕಂಬದಿಂದ ಬಿಚ್ಚಿ ಹಲಗೆಯೊಂದರ ಮೇಲೆ, ಬಂಗಲೆಯ ಅಂಗಳದ ಹೆಂಚಿನ ನೆಲಕ್ಕೇ ಇಟ್ಟರು. ಅದರ ಹಿಂದೆ ಎವಾರಿಸ್ತೋ ಬೋರಲಾಗಿ ಮಲಗಬೇಕಾಯಿತು. ಹೊಟ್ಟೆಯ ಮೇಲೆ ಮಲಗಿದರೆ ತಲೆಯೂ ಕಾಲೂ ಎರಡೂ ಗಾಳಿಯಲ್ಲಿ, ತೊಟ್ಟಿಲ ಹಾಗೆ ತೂಗುತ್ತಿದ್ದವು. ಮೊದಲ ದಿನ ದೃಶ್ಯ ಮುಗಿದು ಎಲ್ಲರೂ ಕಾಫಿಗೆ ಹೋದರೂ ಅವನು ಎದ್ದಿರಲಿಲ್ಲ. ಏಳಲು ಆಗಿರಲಿಲ್ಲ.

“ಮೊದಲು ಒಂದು ಪಕ್ಕಕ್ಕೆ ಹೊರಳಿ ಸಾರ್,” ಅಂತ ಕಿವಿಯ ಹತ್ತಿರವೇ ಒಂದು ದನಿ ಬಂತು. “ಆಮೇಲೆ ಮಂಡಿ. ಆಮೇಲೆ ಕೈ. ಒಟ್ಟಿಗೇ ಎದ್ರೆ ಸೊಂಟ ಹಿಡ್ಕೊಳ್ಳುತ್ತೆ.”

ಹೊವೀತಾ ತೆಪಾಲೆ. ಪುವೆಬ್ಲಾ ಕಡೆಯ ಹೆಂಗಸು, ಮೂವತ್ತರ ಆಸುಪಾಸು. ಧಾರಾವಾಹಿಯಲ್ಲಿ ಬಂಗಲೆಯ ಕೆಲಸದವಳು. ಒಂದು ಮಾತೂ ಇಲ್ಲದ ಪಾತ್ರ. ನಲವತ್ತೊಂದು ಕಂತಿನಿಂದ ಅದೇ ಮೂರು ಮಾರು ನೆಲವನ್ನು ಮಂಡಿಯೂರಿ ಒರೆಸುತ್ತಿದ್ದಳು. ನೋಡುವವರಿಗೆ ಈವರೆಗೆ ಅವಳ ಬೆನ್ನು ಬಿಟ್ಟು ಬೇರೇನೂ ಕಂಡಿರಲಿಲ್ಲ. ಎವಾರಿಸ್ತೋ ಕೂಡ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆವತ್ತೇ.

ಅವಳ ಕೈ ಹಿಡಿದು ಎದ್ದು ಕೂತ ಎವಾರಿಸ್ತೋ ಏದುಸಿರು ಬಿಡುತ್ತಾ ಕೇಳಿದ, “ಇಷ್ಟು ದಿನ ನಿಜವಾಗ್ಲೂ ಒರೆಸ್ತಿದ್ಯೇನಮ್ಮಾ? ಸುಮ್ನೆ ಕೈ ಆಡಿಸಿದ್ರೂ ಸಾಕಾಗಿತ್ತಲ್ಲ.”

“ಕೈ ಆಡಿಸೋಕೆ ನನಗೆ ಬರಲ್ಲ ಸಾರ್. ಒರೆಸೋಕೆ ಬರುತ್ತೆ. ನೋಡಿ, ಈ ಹೆಂಚಿನ ನಿಜವಾದ ಬಣ್ಣ ಕೆಂಪು. ನಾನು ಬಂದಾಗ ಕಪ್ಪು ಅಂತ ತಿಳ್ಕೊಂಡಿದ್ರು.”

ಎರಡು ದಿನ ಕಳೆದು ಉಯಿಲಿನ ದೃಶ್ಯ ಬಂತು. ಅಣ್ಣ ಬರೆದಿಟ್ಟ ಉಯಿಲನ್ನು ಹಿಡಿದು ಅತ್ತೆ ಒಂದು ಕಡೆ, ಅಣ್ಣನ ಮಗ ಇನ್ನೊಂದು ಕಡೆ. ನಡುವೆ ನೆಲದ ಮೇಲೆ ಕ್ಯಾಮೆರಾ, ಅದರ ಹಿಂದೆ ತೊಟ್ಟಿಲಾಡುವ ಎವಾರಿಸ್ತೋ. ಎರಡೂ ಕಡೆಯವರು ಬೆಳಗ್ಗೆಯೇ ಅವನಿಗೆ ಉಣಿಸಿದ್ದರು. ಇಬ್ಬರನ್ನೂ ಬೆಟ್ಟ ಮಾಡಬೇಕು.

“ಈ ಮನೆಯ ಒಂದೊಂದು ಕಲ್ಲೂ ನನ್ನದು!” ಎಂದು ದೋನ್ಯಾ ಎಲೊಯೀಸಾ ಗುಡುಗಿ, ಒಂದು ಹೆಜ್ಜೆ ಮುಂದಿಟ್ಟಳು.

“ನಮ್ಮಪ್ಪನ ಗೋರಿಯ ಮೇಲೆ ಆಣೆ, ಬಿಡೋದಿಲ್ಲ!” ಎಂದು ಫಬ್ರೀಸಿಯೋ ಎರಡು ಹೆಜ್ಜೆ ಮುಂದಿಟ್ಟ.

ಕ್ಯಾಮೆರಾದ ಕಿಂಡಿಯಲ್ಲಿ ಎವಾರಿಸ್ತೋಗೆ ಕಂಡದ್ದೇ ಬೇರೆ. ಆ ಕಡೆ ಈ ಕಡೆ ಎರಡು ಕಂಬ, ಅವುಗಳ ತುದಿಯಲ್ಲಿ ಎಲ್ಲೋ ದೀಪಗಳ ನಡುವೆ ಎರಡು ಗದ್ದ. ನಡುವೆ, ಕ್ಯಾಮೆರಾದ ಮಟ್ಟಕ್ಕೇ ಸರಿಯಾಗಿ, ಒದ್ದೆ ಬಟ್ಟೆ ಹಿಡಿದು ಮಂಡಿಯೂರಿದ ಹೊವೀತಾಳ ಮುಖ. ಇಡೀ ಬಂಗಲೆಯಲ್ಲಿ ಪೂರ್ತಿ ಮುಖ ಇದ್ದವಳು ಅವಳೊಬ್ಬಳೇ. ಅವಳು ಆಗ ತಾನೇ ಒರೆಸಿ ಮುಗಿಸಿದ್ದ ಜಾಗದ ಮೇಲೆ ಅತ್ತೆಯ ಬೂಟು ಬಿತ್ತು. ಅದರ ಪಕ್ಕ ಅಣ್ಣನ ಮಗನ ಬೂಟು, ಎರಡು ಸಲ. ಹೊವೀತಾ ಆ ಮೂರು ಗುರುತುಗಳನ್ನು ನೋಡಿದಳು. ಮೇಲೆ ನೋಡಿದಳು. ಮತ್ತೆ ಗುರುತು ನೋಡಿದಳು. ನಲವತ್ತಮೂರು ಕಂತಿನ ನಿಟ್ಟುಸಿರನ್ನು ಒಂದೇ ಸಲಕ್ಕೆ ಬಿಟ್ಟಳು.

ಎವಾರಿಸ್ತೋ ಏನೂ ಯೋಚಿಸಲಿಲ್ಲ. ಅವನ ಕೈ ತಾನಾಗೇ ಲೆನ್ಸು ತಿರುಗಿಸಿತು. ಕಂಬಗಳು ಮಸುಕಾದವು, ಆ ಮುಖ ಕನ್ನಡಿಯ ಹಾಗೆ ಸ್ಪಷ್ಟವಾಯಿತು. ತಪ್ಪು ಮಾಡಿದೆ ಅಂತ ಅವನಿಗೆ ಹೊಳೆದದ್ದು ಆಮೇಲೆ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡ.

“ಎವಾರಿಸ್ತೋ,” ಎಂದಿತು ಕಿವಿಯಲ್ಲಿ ಇತುವಾರ್ತೆಯ ದನಿ, ಯಾರೋ ನಿದ್ದೆ ಮಾಡುವ ಮಗುವಿನ ಪಕ್ಕ ಮಾತಾಡುವ ಹಾಗೆ. “ಅಲ್ಲೇ ಇರು. ಅಲ್ಲಾಡಬೇಡ.”

ಆ ಕಂತು ಬಂದ ಸಂಜೆ ಪಚೀತಾ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ನೋಡಿದಳು. ಬೂಟು ಬಿದ್ದ ತಕ್ಷಣ ಸೋಫಾ ಮೇಲಿದ್ದವರೆಲ್ಲ ಒಟ್ಟಿಗೇ “ಅಯ್ಯಯ್ಯೋ!” ಅಂದರು.

“ಒರೆಸಿದ ಮೇಲೆ ತುಳಿದ್ಳಲ್ಲೇ ಆ ರಾಕ್ಷಸಿ!” ಎಂದಳು ರೊಸಾರಿಯೋ, ಸೌಟು ಹಿಡಿದುಕೊಂಡೇ.

“ಅವನೇನು ಕಮ್ಮಿ? ಎರಡು ಸಲ ತುಳಿದ,” ಎಂದಳು ಪಕ್ಕದ ಮನೆಯಾಕೆ.

ಕೊನೆಗೆ ಪಚೀತಾ ಬಾಗಿಲ ಕಡೆ ತಿರುಗಿದಳು. “ಅಳಿಯಂದ್ರೇ, ಆ ಹೆಂಗಸು ಯಾರು? ನಾಳೆ ಅವಳು ಏನು ಮಾಡ್ತಾಳೆ?”

“ನೆಲ ಒರೆಸ್ತಾಳೆ ಅಮ್ಮಾ.”

“ಅದು ಗೊತ್ತು. ಏನು *ಅಂದ್ಕೋತಾಳೆ*?”

ಈ ಪ್ರಶ್ನೆಯನ್ನು ಕೇಳಿದ್ದು ಪಚೀತಾ ಒಬ್ಬಳೇ ಅಲ್ಲ. ವಾರದೊಳಗೆ ಸ್ಟುಡಿಯೋಗೆ ಮೂಟೆಗಟ್ಟಲೆ ಕಾಗದ ಬಂತು. ಉಯಿಲು ಏನಾಯಿತು ಅಂತ ಒಬ್ಬರೂ ಕೇಳಿರಲಿಲ್ಲ. ಬೂಟಿನ ಕಲೆ ಹೋಯಿತಾ ಅಂತ ಕೇಳಿದ್ದರು. ತೊಲೂಕಾದ ಒಬ್ಬಾಕೆ ಮಂಡಿಗೆ ಕಟ್ಟಿಕೊಳ್ಳಲು ಉಣ್ಣೆಯ ಪಟ್ಟಿ ಹೆಣೆದು ಕಳಿಸಿದ್ದಳು. ಫಬ್ರೀಸಿಯೋ ಸಂತೆಗೆ ಹಣ್ಣು ತರಲು ಹೋದರೆ ಟೊಮೇಟೋ ಮಾರುವವಳು, “ಏಯ್ ಯಜಮಾನಾ, ಕಾಲು ಒರೆಸ್ಕೊಂಡು ಬಾ!” ಎಂದು ಕೂಗಿದಳು. ಸಂತೆಗೆ ಸಂತೆಯೇ ನಕ್ಕಿತು. ಪಾಪ, ಅವನು ಅಲ್ಲೇ ಒಂದು ಗೋಣಿಚೀಲದ ಮೇಲೆ ಕಾಲು ಒರೆಸಿಕೊಂಡು ಮುಂದೆ ಹೋದ.

ಕಾಗದದ ಮೂಟೆಗಳು ಬಂದ ಮರುದಿನ ದೋನ್ಯಾ ಎಲೊಯೀಸಾ ಬರಿಗೈಯಲ್ಲಿ ಬಂದಳು. ಎವಾರಿಸ್ತೋಗೆ ಅದರಿಂದಲೇ ಹೆಚ್ಚು ಭಯವಾಯಿತು.

“ಆ ಹುಡುಗಿಯ ಮುಖ ಎಷ್ಟು ಬೆರಳಲ್ಲಿತ್ತು?”

“ಬೆರಳೇ ಇಲ್ಲ ಅಮ್ಮಾವ್ರೇ. ನೆಲ.”

“ಸರಿ. ನನಗೂ ನೆಲ.”

ಕಥೆ ಬರೆಯುವವರನ್ನು ಅವಳು ಹೇಗೆ ಒಪ್ಪಿಸಿದಳೋ, ಎರಡೇ ದಿನಕ್ಕೆ ಅತ್ತೆಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿ, ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಅಂಗಳ ಒರೆಸುವ ಹರಕೆ ಹೊತ್ತಳು. ಸುದ್ದಿ ಕೇಳಿದ ಫಬ್ರೀಸಿಯೋ ಕೂಡ ಕಥೆ ಬರೆಯುವವರ ಹತ್ತಿರ ಓಡಿದ. ಅಣ್ಣನ ಮಗನ ಉಂಗುರ ಕಳೆದುಹೋಯಿತು; ಅದೇ ಅಂಗಳದಲ್ಲಿ, ಅದೇ ಹೊತ್ತಿಗೆ. ಹುಡುಕದೆ ವಿಧಿಯಿರಲಿಲ್ಲ.

ಚಿತ್ರೀಕರಣದ ದಿನ ಸ್ಟುಡಿಯೋದಲ್ಲಿ ಬಡಗಿಗಳೂ ಮೇಕಪ್ಪಿನವರೂ ಕೆಲಸ ಬಿಟ್ಟು ಬಂದು ನಿಂತರು. ದೋನ್ಯಾ ಎಲೊಯೀಸಾ ರೇಷ್ಮೆ ಗೌನು ಮುದುರಿಕೊಂಡು ಮಂಡಿಯೂರಿದಳು. ಫಬ್ರೀಸಿಯೋ ನಾಲ್ಕು ಕಾಲಾದ. ಎವಾರಿಸ್ತೋ ತನ್ನ ಜಾಗದಲ್ಲಿ ಬೋರಲು. ಹಿಂದೆ ಹೊವೀತಾ, ಬಕೆಟ್ಟಿನ ಜೊತೆ.

“ದೇವರೇ, ಈ ಪಾಪಿಯನ್ನು ನೋಡು!” ಎಂದು ಅತ್ತೆ ಹಣೆಯನ್ನು ನೆಲದ ಹತ್ತಿರ ತಂದಳು.

“ಅಪ್ಪಾ, ನಿನ್ನ ಉಂಗುರ!” ಎಂದು ಫಬ್ರೀಸಿಯೋ ಕಿವಿಯನ್ನೇ ನೆಲಕ್ಕಿಟ್ಟ.

ಅತ್ತೆ ಕೆನ್ನೆ ಇಟ್ಟಳು. ಅಣ್ಣನ ಮಗ ಮೀಸೆ ಇಟ್ಟ. ಒಬ್ಬರಿಗಿಂತ ಒಬ್ಬರು ಕೆಳಗೆ ಹೋಗುವ ಭರದಲ್ಲಿ ಇಬ್ಬರೂ ಕ್ಯಾಮೆರಾದ ಮುಂದೆ ತಲೆಗೆ ತಲೆ ಹೊಡೆದುಕೊಂಡರು. ಎಲ್ಲೋ ದರ್ರನೆ ಬಟ್ಟೆ ಹರಿದ ಸದ್ದು. ಫಬ್ರೀಸಿಯೋನ ಮುಖ ಕೆಂಪಾದದ್ದು ನೋಡಿ ಯಾರ ಬಟ್ಟೆ ಅಂತ ಎಲ್ಲರಿಗೂ ಗೊತ್ತಾಯಿತು. ಆದರೂ ಇಬ್ಬರೂ ಏಳಲಿಲ್ಲ. ಅವನು ಏಳುವ ಹಾಗಿರಲಿಲ್ಲ. ಅವಳ ಒಳ ಅಂಗಿಯ ಬಿಗಿಪಟ್ಟಿ ಅವಳನ್ನು ಏಳಗೊಡುತ್ತಿರಲಿಲ್ಲ.

ಹೊವೀತಾ ಒರೆಸುತ್ತಾ ಒರೆಸುತ್ತಾ ಇವರಿಬ್ಬರ ತನಕ ಬಂದಳು. ಮುಂದೆ ನೆಲವೇ ಇರಲಿಲ್ಲ, ಎಲ್ಲ ನಟರೇ ತುಂಬಿಕೊಂಡಿದ್ದರು. ಅವಳು ಒಂದು ಗಳಿಗೆ ಕಾದಳು. ಆಮೇಲೆ ಒಂದು ಪಕ್ಕಕ್ಕೆ ಹೊರಳಿ, ಮಂಡಿ, ಆಮೇಲೆ ಕೈ, ಹೀಗೆ ಎದ್ದು ನಿಂತಳು. ಎವಾರಿಸ್ತೋನ ಕ್ಯಾಮೆರಾ ಅವಳ ಜೊತೆಗೇ ಮೇಲಕ್ಕೆ ಮುಖವೆತ್ತಿತು. ಬೆಟ್ಟ ಅಂದರೆ ಅದು! ದೀಪಗಳ ನಡುವೆ ತಲೆ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಸೊಂಟದ ಮೇಲೆ.

“ಜರುಗ್ರೀ ಸ್ವಲ್ಪ,” ಅಂದಳು ಹೊವೀತಾ. “ಇಲ್ಲಿ ಒರೆಸಬೇಕು.”

ಅದು ಯಾವ ಕಾಗದದಲ್ಲೂ ಬರೆದಿರದ ಮಾತು. ಆದರೆ ಬಕೆಟ್ಟು ಹಿಡಿದು ನಿಂತವರು ಜರುಗಿ ಅಂದರೆ ಜರುಗದ ಮನುಷ್ಯ ಲೋಕದಲ್ಲಿಲ್ಲ. ದೋನ್ಯಾ ಎಲೊಯೀಸಾ ಬಲಕ್ಕೆ ತೆವಳಿದಳು, ಫಬ್ರೀಸಿಯೋ ಪ್ಯಾಂಟಿನ ಹಿಂಭಾಗವನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ಎಡಕ್ಕೆ ತೆವಳಿದ. ಅಷ್ಟೇ ಏಕೆ, ಎವಾರಿಸ್ತೋ ಕೂಡ ಕ್ಯಾಮೆರಾ ಸಮೇತ ಅರ್ಧ ಗೇಣು ಹಿಂದೆ ಸರಿದ. ಮೇಲಿನ ಗಾಜಿನ ಕೋಣೆಯಲ್ಲಿ ಇತುವಾರ್ತೆ ತಾನು ಕೂತಿದ್ದ ಕುರ್ಚಿಯ ಮೇಲಕ್ಕೆ ಕಾಲೆತ್ತಿಕೊಂಡನಂತೆ. ಪಕ್ಕದಲ್ಲಿದ್ದ ಸೌಂಡಿನವನು ಎಷ್ಟೋ ವರ್ಷ ಅದನ್ನು ಹೇಳಿಕೊಂಡು ನಗುತ್ತಿದ್ದ.

ಆ ದೃಶ್ಯವನ್ನು ಮತ್ತೆ ತೆಗೆಯಬೇಕೆಂದು ದೋನ್ಯಾ ಎಲೊಯೀಸಾ ಹಟ ಹಿಡಿದಳು. ಇತುವಾರ್ತೆ ಮೆಟ್ಟಿಲಿಳಿದು ಬಂದು, ಹೊಟ್ಟೆ ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಸಲ ಅವಳ ಮುಖ ನೋಡಿ “ಇಲ್ಲ” ಅಂದ. ಅವಳು ಆಗ ಇನ್ನೂ ನೆಲದ ಮೇಲೆ ಕೂತಿದ್ದದ್ದರಿಂದ ಅವನಿಗೆ ಅಷ್ಟು ಧೈರ್ಯ ಬಂದಿರಬೇಕು.

ಆ ಸಂಜೆ ಪೋರ್ತಾಲೆಸ್‌ನ ಮನೆಯಲ್ಲಿ ಚಪ್ಪಾಳೆ ಬಿತ್ತು. ಮುಂದಿನ ತಿಂಗಳಿಂದ ಹೊವೀತಾಗೆ ಮಾತು ಸಿಕ್ಕಿತು, ಮದುವೆಯ ಪ್ರಸ್ತಾಪಗಳು ಸಿಕ್ಕವು, ಕೊನೆಯ ಕಂತಿನಲ್ಲಿ ಬಂಗಲೆಯೂ ಸಿಕ್ಕಿತು. ಆ ಮನೆಯ ನಿಜವಾದ ವಾರಸುದಾರಳು ಅವಳೇ ಅಂತ ಕಥೆ ಬರೆಯುವವರು ಹೇಗೋ ಹೊಂದಿಸಿದರು. ಅತ್ತೆಯ ಮತ್ತು ಅಣ್ಣನ ಮಗನ ಮುಖಗಳು ಮತ್ತೆ ಕಣ್ಣುಗಳ ಸಮೇತ ಕಾಣತೊಡಗಿದವು. ಫಬ್ರೀಸಿಯೋ ಸಜ್ಜನ, ಸಂತೆಯಲ್ಲಿ ಯಾರು ಕೂಗಿದರೂ ನಗುತ್ತಿದ್ದ, ಮೂಗಿನ ಕೂದಲನ್ನೂ ಕತ್ತರಿಸಿಕೊಂಡ. ದೋನ್ಯಾ ಎಲೊಯೀಸಾ ಒಂದು ವರ್ಷ ಎವಾರಿಸ್ತೋ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ದಿನ ತಮಾಲೆಯ ಡಬ್ಬಿ ತಂದಿಟ್ಟು, “ಸುಮ್ನೆ ತಿನ್ನು, ಏನೂ ಕೇಳಲ್ಲ,” ಅಂದಳು.

ದೊಡ್ಡ ನಟಿಯಾದ ಮೇಲೆ ಹೊವೀತಾ ಅವನನ್ನು ಒಂದೇ ಒಂದು ಸಲ ಏನೋ ಕೇಳಿದ್ದಳು. ಹೊಸ ಬೂಟು ಕಚ್ಚುತ್ತಿತ್ತು. “ಸಾರ್, ಇವತ್ತು ಕಾಲು ಕಾಣದ ಹಾಗೆ ಹಿಡೀತೀರಾ? ಚಪ್ಪಲಿ ಹಾಕ್ಕೋತೀನಿ.” ಅವನು ಹಿಡಿದ.

ಇನ್ನೂ ಹನ್ನೊಂದು ವರ್ಷ ಆ ಕೆಲಸ ಮಾಡಿ ಎವಾರಿಸ್ತೋ ನಿವೃತ್ತನಾದ. ಬಡಾವಣೆಯಲ್ಲೇ ಮದುವೆ, ನಾಮಕರಣಗಳ ಫೋಟೋ ತೆಗೆಯತೊಡಗಿದ. ಒಂದು ಮದುವೆಯಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಹುಡುಗನ ತಾಯಿ ಒಂದು ಮೆಟ್ಟಿಲು ಮೇಲೆ ನಿಂತಳು. ಹುಡುಗಿಯ ತಾಯಿ ಎರಡು ಮೆಟ್ಟಿಲು ಹತ್ತಿದಳು. ಹುಡುಗನ ತಾಯಿ ಇನ್ನೂ ಎರಡು. ಎವಾರಿಸ್ತೋ ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡು ಕಾದ. ಬೀಗಿತಿಯರಿಬ್ಬರೂ ಹತ್ತುತ್ತಾ ಹತ್ತುತ್ತಾ ಬಾಗಿಲು ದಾಟಿ ಚರ್ಚಿನೊಳಗೇ ಹೋಗಿಬಿಟ್ಟರು. ಮೆಟ್ಟಿಲ ಮೇಲೆ ಹುಡುಗ, ಹುಡುಗಿ ಇಬ್ಬರೇ ಉಳಿದು, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವನು ಆಗ ಒತ್ತಿದ.